ಅತ್ತೆಯೂ ನಾನೂ ಕೊಡ ಎತ್ತದ ವರ್ಷ

ಮಗಳು ಹುಟ್ಟಿ ಆರೇಳು ವರ್ಷವಾದ ಮೇಲೆ ನನಗೆ ಮುಟ್ಟು ನಿಲ್ಲದ ಕಾಯಿಲೆ ಅಂಟಿಕೊಂಡಿತು. ಅರ್ಧ ತಿಂಗಳು ಹೊರಗೆ ಕೂರುತ್ತಿದ್ದೆ. ಒಳಗಿದ್ದಾಗಲೂ ಮೈಯಲ್ಲಿ ಕಸುವಿರುತ್ತಿರಲಿಲ್ಲ. ಬುಕ್ಕಾಪಟ್ಟಣದ ಹತ್ತಿರದ ಹಳ್ಳಿಯಲ್ಲಿ ನಮ್ಮದು ಕುರಿ ಸಾಕಿ ಕಂಬಳಿ ನೇಯುವ ಮನೆ. ನಮ್ಮ ಮನೆಯವರು ಮಗ್ಗದ ಗುಂಡಿಯಲ್ಲಿ ಕೂತರೆ ಅತ್ತೆ ಉಣ್ಣೆ ನೂಲುತ್ತಿದ್ದರು. ನೀರು, ಕಸ, ರಾಗಿ ಬೀಸುವುದು, ಅಡಿಗೆ ಎಲ್ಲ ನನ್ನ ಪಾಲು. ನಾಟಿ ಔಷಧ ಕುಡಿದೆ, ಹರಕೆ ಹೊತ್ತೆ. ಒಂದು ದಿನ ನೂಲಿಗೆ ಹಾಕುವ ಹುಣಸೆಬೀಜದ ಗಂಜಿಯನ್ನು ಒಲೆಯಿಂದ ಇಳಿಸಲು ಹೋಗಿ, ಕಣ್ಣು ಕತ್ತಲೆ ಬಂದು ಅಲ್ಲೇ ಬಿದ್ದೆ.

ಸಿರಾದ ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಇದು ಇಲ್ಲಿ ಆಗೋ ಕೆಲಸವಲ್ಲ, ಬೆಂಗಳೂರಿಗೆ ಹೋಗಿ" ಎಂದರು. ಆಗ ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು. ಏರು ಬಂದಾಗಲೆಲ್ಲ ಗಂಡಸರು ಇಳಿದು ನಡೆಯುತ್ತಿದ್ದರು. ನಾನು ಕಿಟಕಿಗೆ ತಲೆ ಆನಿಸಿ, ಬೆಂಗಳೂರು ಬಂದರೂ ಸರಿ, ಬರದಿದ್ದರೂ ಸರಿ ಎಂದುಕೊಂಡು ಕೂತಿದ್ದೆ. ಅಷ್ಟು ಸಾಕಾಗಿ ಹೋಗಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ನನ್ನ ಮಂಚದ ಪಕ್ಕದಲ್ಲೇ ನಿಂತು ಇವರಿಗೆ ಹೇಳಿದರು. "ಗರ್ಭಚೀಲದಲ್ಲಿ ಗೆಡ್ಡೆ ಬೆಳೆದಿದೆ. ಚೀಲವನ್ನೇ ತೆಗೀಬೇಕು. ಆಮೇಲೆ ಮಕ್ಕಳಾಗೋದಿಲ್ಲ. ಗಂಡುಮಗು ಇದೆಯಾ?"

"ಒಬ್ಬಳು ಮಗಳವ್ಳೆ, ತಾಯಿ."

"ಹಾಗಾದರೆ ಯೋಚನೆ ಮಾಡಿ ಹೇಳಿ."

ಇವರು ನನ್ನ ಮುಖ ನೋಡಿದರು. "ಯೋಚನೆ ಮಾಡಾಕೆ ಏನೈತೆ? ಇವಳ ಜೀವ ಉಳ್ಸಿ, ಸಾಕು" ಎಂದರು.

ಊರಿಗೆ ಹೊರಡುವ ದಿನ ಡಾಕ್ಟರಮ್ಮ ಇವರನ್ನು ಹೊರಗೆ ಕರೆದು ಬಹಳ ಹೊತ್ತು ಮಾತಾಡಿದರು. ಇವರು ತಲೆ ತಗ್ಗಿಸಿಕೊಂಡು ಒಳಗೆ ಬಂದರು. ಏನಂದರು ಎಂದು ಕೇಳಿದರೆ, "ಮೂರು ತಿಂಗಳು ಭಾರ ಎತ್ತಬಾರದಂತೆ" ಎಂದಷ್ಟೇ ಹೇಳಿದರು. ಸಿರಾದಿಂದ ಊರಿಗೆ ಎತ್ತಿನ ಗಾಡಿ. ಹುಲ್ಲಿನ ಮೇಲೆ ಮೂರು ಕಂಬಳಿ ಹಾಸಿ ನನ್ನನ್ನು ಮಲಗಿಸಿ, ದಾರಿಯುದ್ದಕ್ಕೂ ಎತ್ತಿನ ಮೂಗುದಾರ ಹಿಡಿದು ಮುಂದೆ ಮುಂದೆ ನಡೆದರು. ಹಳ್ಳ ಬಂದ ಕಡೆ, "ಹೊಟ್ಟೆ ಹಿಡ್ಕೋ" ಎಂದು ಕೂಗುತ್ತಿದ್ದರು.

ಗೆಡ್ಡೆ ತೆಗೆಯುತ್ತಾರೆ ಎಂದಷ್ಟೇ ಅತ್ತೆಗೆ ಗೊತ್ತಿತ್ತು. ಪೂರ್ತಿ ವಿಷಯ ತಿಳಿದಾಗ ಉಣ್ಣೆ ನೂಲುವ ಕದಿರನ್ನು ಕೆಳಗೆ ಹಾಕಿಬಿಟ್ಟರು. "ಗೆಡ್ಡೆ ಕೀಳ್ತಾರೆ ಅಂದ್ಕಂಡ್ರೆ ಗೂಡನ್ನೇ ಕಿತ್ತಾಕ್ಸಿಕೊಂಡು ಬಂದವ್ಳಲ್ಲಪ್ಪಾ! ನನ್ನ ಮಗನ ವಂಶ ಇಲ್ಲಿಗೇ ನಿಂತೋಯ್ತು."

ಮಗಳನ್ನು ತವರಿನಲ್ಲಿ ಬಿಟ್ಟಿದ್ದೆವು. ಮನೆಯಲ್ಲಿ ಮೂರೇ ಜನ. ನೀರಿನ ಕೆಲಸವನ್ನೂ ಅಡಿಗೆಯನ್ನೂ ಇವರು ತೆಗೆದುಕೊಂಡರು. ಹೆಗಲ ಮೇಲೆ ಬಿದಿರ ಅಡ್ಡೆ ಇಟ್ಟು, ಎರಡು ಕಡೆ ಕೊಡ ತೂಗುಹಾಕಿ ಹೊತ್ತು ತರುತ್ತಿದ್ದರು. ಬಾವಿಕಟ್ಟೆಯಲ್ಲಿ ಗಂಡಸರು, "ಇನ್ನು ಸೀರೆ ಉಡೋದೊಂದು ಬಾಕಿ ಕಣ್ಲಾ" ಎಂದು ನಕ್ಕರಂತೆ. ಬಂದು ನನಗೆ ಹೇಳಿದ್ದು ಇವರೇ. "ನೀನೇನಂದೆ?" ಎಂದು ಅತ್ತೆ ಕೇಳಿದರು. "ಸೀರೆ ಮನೇಲೈತೆ, ಕೊಡ ಹೊರೋರು ಇಲ್ಲ ಅಂದೆ" ಎಂದು ಹೇಳಿ ಮಗ್ಗಕ್ಕೆ ಹೋದರು. ಇವರು ತೊಳಸಿದ ಮುದ್ದೆಯಲ್ಲಿ ಗಂಟು ಇರುತ್ತಿತ್ತು. ಅತ್ತೆ ಗೊಣಗಿಕೊಂಡೇ ಉಣ್ಣುತ್ತಿದ್ದರು.

ಆದರೆ ಊರಿಗೆ ಬಂದ ದಿನವೇ ಇವರು ತಮ್ಮ ಹಾಸಿಗೆಯನ್ನು ಮಗ್ಗದ ಕೋಣೆಗೆ ಎತ್ತಿಕೊಂಡು ಹೋಗಿದ್ದರು. ಒಂದು ಮಾತೂ ಹೇಳಲಿಲ್ಲ. ಅತ್ತೆಯ ಮಾತು ಇವರ ತಲೆಗೂ ಹೋಗಿದೆ, ಇನ್ನೊಬ್ಬಳನ್ನು ತರುತ್ತಾರೆ ಎಂದು ನಾನು ಮಲಗಿದಲ್ಲೇ ಲೆಕ್ಕ ಹಾಕಿದೆ. ಗೋಡೆ ನೋಡಿದರೆ ಅಳು, ಊಟ ನೋಡಿದರೆ ಅಳು. ಒಂದು ಮಧ್ಯಾಹ್ನ ಅಂಬಲಿ ತಂದಿಟ್ಟವರು ನಾನು ಅಳುವುದನ್ನು ನೋಡಿ ನಿಂತರು.

"ಎಲ್ಲಿ ನೋಯ್ತೈತೆ?"

"ಎಲ್ಲೂ ಇಲ್ಲ. ಇನ್ನೊಬ್ಬಳನ್ನ ತರೋದಾದ್ರೆ ಈಗ್ಲೇ ಹೇಳ್ಬುಡಿ, ತವರಿಗೆ ಹೋಗ್ತೀನಿ."

"ಯಾರಂದೋರು ಅಂಗೆ?"

"ಮತ್ತೆ ಹಾಸಿಗೆ ಯಾಕೆ ಎತ್ಕೊಂಡೋಗಿದ್ದು?"

ಇವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಡಾಕ್ಟರಮ್ಮನೇ ಹೇಳಿದ್ದು. ಒಳಗೆ ಹೊಲಿಗೆ ಹಸಿ ಐತೆ, ಮೂರು ತಿಂಗಳು ಹತ್ರ ಹೋಗ್ಬೇಡ ಅಂತ. ಹೆಣ್ಣುಮಗಳ ಬಾಯಲ್ಲಿ ಆ ಮಾತು ಕೇಳಿ ನಂಗೇ ನಾಚ್ಕೆ ಆಯ್ತು. ನಿಂಗೆ ಹೆಂಗೆ ಹೇಳಲಿ?"

ನನಗೆ ನಗು ಬಂತು. ನಕ್ಕರೆ ಹೊಲಿಗೆ ಎಳೆಯಿತು. ಹೊಟ್ಟೆ ಹಿಡಿದುಕೊಂಡು ನಕ್ಕೆ, ಹಾಗೇ ಮತ್ತೆ ಅಳು ಬಂತು. "ಬಂದ್ರೆ ಅತ್ಬುಡು, ನಾನಿಲ್ಲೇ ಕುಂತಿರ್ತೀನಿ" ಎಂದು ಇವರು ಗೋಡೆಗೆ ಒರಗಿ ಕೂತರು. ಹೊರಗಿನಿಂದ ಅತ್ತೆ, "ಮಗ್ಗ ಯಾಕ್ಲಾ ನಿಂತೋಯ್ತು?" ಎಂದು ಕೂಗಿದರು. "ನಿಂತೈತೆ ಬುಡವ್ವ" ಎಂದರು ಇವರು.

ಇವರು ಕಂಬಳಿ ಮಾರಲು ಸಿರಾ ಸಂತೆಗೆ ಹೋದ ದಿನ ಎಡವಟ್ಟಾಯಿತು. ತುಂಬಿಸಿಟ್ಟ ನೀರು ಮುಗಿಯಿತು. ಅತ್ತೆ ಸೊಂಟಕ್ಕೆ ಕೊಡ ಇಟ್ಟುಕೊಂಡು, "ರಾಣಿ ಮಲಗವ್ಳೆ, ಮುದುಕಿ ಹೊರ್ತಾವ್ಳೆ" ಎನ್ನುತ್ತಾ ಹೊರಟರು. ಆ ಮಾತು ತಡೆಯಲಾರದೆ ಕೊಡ ಕಿತ್ತುಕೊಂಡು ಹೋಗಿ ಒಂದೇ ಒಂದು ಸಲ ಹೊತ್ತು ತಂದೆ. ಸಂಜೆಯ ಹೊತ್ತಿಗೆ ಸೀರೆಯೆಲ್ಲ ರಕ್ತ.

ಸಂತೆಯಿಂದ ಬಂದವರು ನನ್ನನ್ನು ನೋಡಿ ತಾಯಿಯ ಕಡೆ ತಿರುಗಿದರು. ಇವರು ತಾಯಿಗೆ ದನಿ ಏರಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಇವಳು ಸಾಯಲಿ ಅಂತಲೇನವ್ವ ನಿಂಗೆ?"

ಅತ್ತೆಯೂ ಬಿಡಲಿಲ್ಲ. "ಒಂದು ಕೊಡ ಹೊತ್ರೆ ಸಾಯ್ತಾಳಾ? ನಿನ್ನ ಹಡೆದು ಬಾಣಂತನ ಮುಗಿಯೋಕೆ ಮುಂಚೆ ನೀರು ಹೊತ್ತೋಳು ನಾನು! ನಂದೂ ಗೂಡು ಜಾರಿ ಕೆಳಕ್ಕೆ ಬಂದೈತೆ ಕಣ್ಲಾ. ಬಟ್ಟೆ ಕಟ್ಕಂಡು ಇಷ್ಟು ವರ್ಷ ದುಡಿದಿದೀನಿ. ನಂಗ್ಯಾರು ಕಂಬಳಿ ಹಾಸಿ ಮಲಗಿಸಿದ್ರು? ನಿಮ್ಮಪ್ಪ ಮಲಗಿಸಿದ್ನಾ?"

ಹೇಳಿದ ಮೇಲೆ ಮಗನೆದುರು ಏನು ಹೇಳಿಬಿಟ್ಟೆ ಎಂದು ಗೊತ್ತಾಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡರು. ಇವರು ಅಡ್ಡೆ ತೆಗೆದುಕೊಂಡು ಬಾವಿಗೆ ಹೋದರು. ನಾನು ಗೋಡೆ ಹಿಡಿದು ಎದ್ದು ಹೋಗಿ ಅತ್ತೆಯ ಪಕ್ಕ ಕೂತೆ. "ಯಾವಾಗಿಂದ ಅತ್ತೆ?" ಎಂದೆ.

"ಇವನ ತಂಗಿ ಹುಟ್ಟಿ ಸತ್ತಾಗಿಂದ. ಕೂತ್ರೆ ಒಂಥರಾ, ನಿಂತ್ರೆ ಒಂಥರಾ. ಯಾರಿಗೆ ಹೇಳ್ಲಿ ಮಗಾ?"

ಇಷ್ಟು ವರ್ಷ ಒಂದೇ ಒಲೆಯ ಅಡಿಗೆ ಉಂಡಿದ್ದರೂ ನನಗೆ ತಿಳಿದಿರಲಿಲ್ಲ. ಅತ್ತೆ ಯಾಕೆ ನಿಂತೇ ಉಣ್ಣುತ್ತಾರೆ ಎಂದು ನಾನು ಕೇಳಿರಲೂ ಇಲ್ಲ.

ರಾತ್ರಿ ಕಳೆಯುವಷ್ಟರಲ್ಲಿ ರಕ್ತ ನಿಂತಿತು. ಮಾರನೆಯ ದಿನದಿಂದ ಇವರು ಇಬ್ಬರಿಗೂ ಕೊಡ ಮುಟ್ಟಲು ಬಿಡಲಿಲ್ಲ. ತಾಯಿಗೆ ಕಾರಣ ಹೇಳಲಿಲ್ಲ, ತಾಯಿಯೂ ಕೇಳಲಿಲ್ಲ. ಬೀಸುವ ಕೆಲಸಕ್ಕೆ ಬೀದಿಯ ಒಬ್ಬ ಹೆಂಗಸನ್ನು ಗೊತ್ತುಮಾಡಿ, ಕೂಲಿಯ ಬದಲು ಅವಳ ಮಗಳಿಗೆ ಒಂದು ಕಂಬಳಿ ನೇಯ್ದುಕೊಟ್ಟರು. ನೇಯ್ಗೆ ಅರ್ಧಕ್ಕರ್ಧ ನಿಂತಿತು. ಹೊಟ್ಟೆ ತುಂಬಾ ಉಣ್ಣದ ತಿಂಗಳುಗಳೂ ಬಂದವು. ಇವರ ಭುಜದ ಮೇಲೆ ಅಡ್ಡೆ ಒತ್ತಿ ಜಡ್ಡು ಕಟ್ಟಿತ್ತು. ನಾನು ಹರಳೆಣ್ಣೆ ಹಚ್ಚುತ್ತಿದ್ದೆ. ವಂಶದ ಮಾತನ್ನು ಅತ್ತೆ ಮತ್ತೆ ಎತ್ತಲಿಲ್ಲ. ಯಾರಾದರೂ ಮಗನಿಗೆ ಎರಡನೆ ಮದುವೆ ಮಾಡು ಎಂದರೆ, "ನಿಮ್ಮ ಮನೆ ನೋಡ್ಕಳಿ" ಎನ್ನುತ್ತಿದ್ದರು.

ನಾನು ತೋರಿಸಿಕೊಳ್ಳಲು ಸಿರಾ ಆಸ್ಪತ್ರೆಗೆ ಹೋದಾಗ ಅತ್ತೆಯನ್ನೂ ಹೊರಡಿಸಿದೆ. ನಾನೂ ಒಳಗೆ ಬರುತ್ತೇನೆ ಎಂದ ಮೇಲೆಯೇ ಒಪ್ಪಿದರು. ಅಲ್ಲಿದ್ದ ನರ್ಸಮ್ಮ ಪರದೆ ಎಳೆದು, ಜಾರಿದ್ದನ್ನು ಮೇಲಕ್ಕೆ ಸರಿಸಿ, ರಬ್ಬರಿನ ಬಳೆಯಂಥದೊಂದನ್ನು ಒಳಗೆ ಕೂರಿಸಿದರು. ಆಗಾಗ ಬಂದು ತೊಳೆಸಿಕೊಂಡು ಹೋಗಬೇಕು ಎಂದರು. ಒಲೆ ಹೊತ್ತಿಸುವಷ್ಟು ಹೊತ್ತೂ ಹಿಡಿಯಲಿಲ್ಲ.

ವಾಪಸು ಬರುವಾಗ ಅತ್ತೆ ಗಾಡಿಯಲ್ಲಿ ಕಾಲು ಮಡಿಸಿ ಕೂತರು. ಹಾಗೆ ಕೂತಿದ್ದನ್ನು ನಾನು ನೋಡಿಯೇ ಇರಲಿಲ್ಲ. ಹಳ್ಳ ದಾಟಿದ ಮೇಲೆ, "ಇಷ್ಟೇನೇನೇ?" ಎಂದರು.

"ಇಷ್ಟೇ ಅಂತೆ ಅತ್ತೆ."

"ಇಷ್ಟಕ್ಕೆ ಅಷ್ಟು ವರ್ಷಾನಾ?"

ಅವರು ನನ್ನ ತೊಡೆಯ ಮೇಲೆ ತಲೆಯಿಟ್ಟು, ಹೊಟ್ಟೆಗೆ ತಾಗದ ಹಾಗೆ ನೋಡಿಕೊಂಡು ಮಲಗಿದರು. ಊರು ಬರುವವರೆಗೂ ಏಳಲಿಲ್ಲ.