ಇಂಜಿನ್ ಮೇಲೆ ಬೆಚ್ಚಗಿದ್ದ ಹುಳುಗಳು

ಪ್ರಯೋಗಾಲಯದ ಕೆಲಸಕ್ಕೆ ಮೂಡುಬಿದಿರೆಗೆ ಬಂದ ಮೊದಲ ವಾರವೇ ಒಬ್ಬ ಹಿರಿಯರು ತೋರಿಸಲೆಂದು ನನ್ನ ಕೈಗೆ ಡಬ್ಬಿಯೊಂದನ್ನು ಕೊಟ್ಟು, "ಜಾಗ್ರತೆ ಮೇಡಂ, ಇವು ನನ್ನ ವೈರಿಗಳು" ಅಂದರು. ಮುಚ್ಚಳ ತೆಗೆದರೆ ಒಳಗೆ ಬೆಣ್ಣೆಬಣ್ಣದ ಹುಳುಗಳು! ಗದಗಿನಲ್ಲಿ ಜೋಳಕ್ಕೆ ಹುಳು ಬಿದ್ದರೆ ಚೀಲವನ್ನೇ ಬಿಸಿಲಿಗೆ ಸುರಿಯುವ ಮನೆಯವಳು ನಾನು. ಇಲ್ಲಿ ಅವನ್ನು ಜೋಪಾನ ಮಾಡುವುದೇ ಕೆಲಸ.

ಅವರು ಚಾರ್ಮಾಡಿ ಕಡೆಯ ಜೇನು ಕೃಷಿಕ ಮೋನಪ್ಪಣ್ಣ. ಜೇನುತಟ್ಟಿನ ಮೇಣ ತಿನ್ನುವ ಈ ಹುಳುಗಳನ್ನು ಜೀವಮಾನವಿಡೀ ಸುಟ್ಟವರು, ಈಗ ನಮ್ಮ ಪ್ರಯೋಗಾಲಯಕ್ಕಾಗಿ ಸಾಕುತ್ತಾರೆ. ಆಸ್ಪತ್ರೆಗಳಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿವೆಯಲ್ಲ, ಅವುಗಳ ಕೊಲ್ಲುವ ಕಸುವನ್ನು ಇಲಿಗಳಿಗಿಂತ ಮೊದಲು ಈ ಹುಳುಗಳಲ್ಲಿ ಪರೀಕ್ಷಿಸುತ್ತೇವೆ. ಹೋಲಿಕೆಗೆಂದು ಕೆಲವು ಹುಳುಗಳಿಗೆ ಬರೀ ಉಪ್ಪುನೀರು ಚುಚ್ಚುತ್ತೇವೆ. ಅವು ಬದುಕಲೇಬೇಕು, ಇಲ್ಲವಾದರೆ ಉಳಿದವನ್ನು ಕೊಂದದ್ದು ಬ್ಯಾಕ್ಟೀರಿಯಾವೇ ಎಂದು ಹೇಳಲಾಗದೆ ಇಡೀ ಪ್ರಯೋಗ ವ್ಯರ್ಥ.

ನಾನು ಉಪ್ಪುನೀರು ಚುಚ್ಚಿದವು ಎರಡು ಸಲವೂ ಕಪ್ಪಾಗಿ ಸತ್ತವು. "ಇನ್ನೊಮ್ಮೆ ಹೀಗಾದ್ರೆ ಬೇರೆಯವರನ್ನು ನೋಡ್ತೇನೆ" ಅಂದರು ನಮ್ಮ ಮುಖ್ಯಸ್ಥೆ. ಅಂದರೆ ನಾನು ಗಂಟುಮೂಟೆ ಕಟ್ಟಬೇಕು. ಸುತ್ತಲೂ ತುಳು, ಎದುರಿಗೆ ಕುಚ್ಚಲಕ್ಕಿ ಗಂಜಿ. ಅವ್ವನ ರೊಟ್ಟಿ ನೆನೆದು ಅವತ್ತು ಅತ್ತುಬಿಟ್ಟೆ.

ಮೋನಪ್ಪಣ್ಣನಿಗೆ ಫೋನು ಮಾಡಿ, ನನ್ನ ಕೈಯೇ ಸರಿಯಿಲ್ಲ ಅಂದೆ.

"ನನ್ನ ಹುಳ ಅಷ್ಟು ಸುಲಭಕ್ಕೆ ಸಾಯುವುದಲ್ಲ ಮಾರಾಯ್ರೆ! ದಾರಿಯಲ್ಲಿ ಏನೋ ಆಗ್ತಾ ಉಂಟು. ನೋಡುವ."

ಇಲ್ಲಿ ಯಾವ ಸಾಮಾನಾದರೂ ಬಸ್ಸಿನವರ ಕೈಯಲ್ಲೇ ಹೋಗುತ್ತದೆ; ಪ್ರಯೋಗದ ಎರಡೂ ಡಬ್ಬಿಗಳು ಹಾಗೆಯೇ ಬಂದಿದ್ದವು. ಚೀಟಿಯಿಲ್ಲ, ರಸೀದಿಯಿಲ್ಲ, ಆದರೂ ಒಂದೂ ಕಳೆಯುವುದಿಲ್ಲ. ನಮ್ಮೂರಲ್ಲಿ ನಾನು ಕಾಣದ ನಂಬಿಕೆ. ಮೂರನೆಯ ಡಬ್ಬಿ ಬರುವ ದಿನ ಬೆಳ್ತಂಗಡಿಗೆ ಹೋಗಿ ಅದನ್ನು ತರುವ ಬಸ್ಸನ್ನೇ ಹತ್ತಿದೆ. ಹೊರಗೆ ಧೋ ಎಂದು ಮಳೆ. ಡಬ್ಬಿ ಡ್ರೈವರ್ ಪಕ್ಕದ ಇಂಜಿನ್ ಮೇಲೆ, ಕಂಡಕ್ಟರರ ಸ್ವಂತ ಟವೆಲ್ ಹೊದ್ದು ಕೂತಿತ್ತು. ಮುಟ್ಟಿದರೆ ಕಾದ ಹಂಚು!

"ಒದ್ದೆ ಆಗ್ಬಾರ್ದು ಅಂತ ಇಟ್ಟದ್ದು ಮೇಡಂ" ಅಂದರು ಕಂಡಕ್ಟರ್. "ಜೀವ ಇರುವಂಥದ್ದಲ್ವಾ, ಬೆಚ್ಚಗಿರ್ಲಿ ಅಂತ."

ಡಬ್ಬಿಯನ್ನೆತ್ತಿ ಮಡಿಲಿಗಿಟ್ಟುಕೊಂಡೆ. ಇಂಥ ಅಕ್ಕರೆಗೆ ಏನೆಂದು ಬೈಯುವುದು? ಈ ಕಾವಿಗೆ ನಿತ್ರಾಣವಾಗಿಯೇ ಹಿಂದಿನವೂ ಸತ್ತಿರಬೇಕು ಎಂದು ಆ ಡಬ್ಬಿಯನ್ನು ಪ್ರಯೋಗಕ್ಕೆ ಬಳಸಲಿಲ್ಲ.

ಮುಂದಿನ ಡಬ್ಬಿಯನ್ನು ಮೋನಪ್ಪಣ್ಣನೇ ಮಡಿಲಲ್ಲಿಟ್ಟುಕೊಂಡು ತಂದರು. ಉಪ್ಪುನೀರಿನ ಹುಳುಗಳೆಲ್ಲ ಬದುಕಿದವು. ಹೋಲಿಸಿದ ಎರಡು ಬ್ಯಾಕ್ಟೀರಿಯಾಗಳಲ್ಲಿ ಯಾವ ಔಷಧಕ್ಕೂ ಬಗ್ಗದ್ದು ಕೊಂದದ್ದು ಕಡಿಮೆ. ಔಷಧಕ್ಕೆ ಮಣಿಯುತ್ತದೆ, ಸಾಧು ಅಂದುಕೊಂಡದ್ದೇ ಹೆಚ್ಚು ಕೊಂದಿತ್ತು. "ಈಗ ನಂಬಬಹುದು" ಅಂದರು ಮುಖ್ಯಸ್ಥೆ. ಕೆಲಸ ನನಗೇ ಉಳಿಯಿತು. ವೈರಿ ಬದುಕಿದ್ದಕ್ಕೆ ಮೋನಪ್ಪಣ್ಣನಷ್ಟು ಹಿಗ್ಗಿದವರನ್ನು ನಾನು ಕಂಡಿಲ್ಲ.

ಮೊನ್ನೆ ಅವರು ಕೊಟ್ಟ ಜೇನಿನ ಬಾಟಲಿಯನ್ನು ಅವ್ವನಿಗೆ ತಲುಪಿಸಲು ಗದಗಿನ ಬಸ್ಸಿನ ಡ್ರೈವರಿಗೆ ಕೊಟ್ಟೆ. "ಇಂಜಿನ್ ಮೇಲೆ ಮಾತ್ರ ಇಡ್ಬೇಡಿ ಮಾರಾಯ್ರೆ" ಅಂದೆ.

ನನ್ನ 'ಮಾರಾಯ್ರೆ' ಕೇಳಿ ಇಲ್ಲಿಯವಳೇ ಅಂದುಕೊಂಡ ಅವರು ನಕ್ಕು ಕೇಳಿದರು: "ಆತ್ರಿ ಅಕ್ಕಾರ. ನಮ್ಮ ಕಡೆ ನಿಮಗ ಯಾರದಾರ್ರಿ?"

"ನಮ್ಮವ್ವ ಅದಾಳ್ರಿ" ಅಂದೆ, ನಮ್ಮೂರ ಮಾತಿನಲ್ಲೇ.