ಅಮ್ಮನ ಬೈಗುಳದ ಕ್ಯಾಸೆಟ್ಟು

ನನ್ನ ತಮ್ಮ ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಾನೆ. ಕೈಕೆಲಸ ಅಚ್ಚುಕಟ್ಟು, ತಲೆ ಮಾತ್ರ ನೆಟ್ಟಗಿಲ್ಲ. ಹೀಗೆನ್ನಲು ನನಗೆ ಹಕ್ಕಿದೆ. ಒಂದೇ ಮನೆಯಲ್ಲಿದ್ದುಕೊಂಡು ಆರು ವರ್ಷ ಅವನ ಜೊತೆ ಮಾತು ಬಿಟ್ಟವಳು ನಾನು. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮಿಷನ್ನು, ಹಿಂದಿನ ಕೋಣೆಯಲ್ಲಿ ಅವನ ಸ್ಕ್ರೂಡ್ರೈವರು. ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ಅವನ ಹೆಂಡತಿಗೇ ಹೇಳುತ್ತಿದ್ದೆ.

ಹಾಳಾದ್ದು ಶುರುವಾದದ್ದು ಒಬ್ಬ ಗಿರಾಕಿಯಿಂದ. ಟೇಪ್‌ರೆಕಾರ್ಡರನ್ನು ರಿಪೇರಿಗೆ ಕೊಟ್ಟು ಹೋದವನು ಮತ್ತೆ ಬರಲೇ ಇಲ್ಲ. ಒಳಗೊಂದು ಕ್ಯಾಸೆಟ್ಟು ಸಿಕ್ಕಿಕೊಂಡಿತ್ತು. ಇವನು ಬಿಡಿಸಿ ಹಾಕಿದ. ಅಯ್ಯೋ ದೇವರೇ! ಗಿಟಾರೋ ಗರಗಸವೋ ತಿಳಿಯದು, ಅದರ ಮೇಲೊಬ್ಬ ಗಂಟಲು ಹರಿದುಕೊಳ್ಳುತ್ತಿದ್ದ. ನಾನು ಕಿವಿ ಮುಚ್ಚಿಕೊಂಡೆ. ಇವನು ಊಟ ಬಿಟ್ಟು ಮೂರು ಸಲ ಕೇಳಿದ. ಹೆವಿ ಮೆಟಲ್ ಅಂತೆ. ಅದರಲ್ಲೂ ಅಂಗಡಿಯಲ್ಲಿ ಸಿಗದ, ರೇಡಿಯೋದಲ್ಲಿ ಬಾರದ ಬಗೆಯದಂತೆ! ಒಳಗಿನ ಚೀಟಿಯಲ್ಲಿ ಬ್ರೆಜಿಲ್‌ನ ವಿಳಾಸವಿತ್ತು. ಕಾಗದ ಬರೆದ. ಅಲ್ಲಿಂದ ಫಿನ್ಲೆಂಡು, ಪೋಲೆಂಡು, ಜಪಾನು. ನೀನೊಂದು ನಕಲು ಮಾಡಿ ಕಳಿಸು, ನಾನೊಂದು ಕಳಿಸುತ್ತೇನೆ ಎನ್ನುವುದೇ ಈ ಜನರ ಪದ್ಧತಿ. ಪೋಸ್ಟ್‌ಮ್ಯಾನ್ ಕೂಡ ನಮ್ಮ ಮನೆ ಕಂಡರೆ ಮುಖ ಸಿಂಡರಿಸತೊಡಗಿದ.

ಅಮ್ಮ ಇದ್ದಾಗ ಒಂದು ದಿನ, ಇವನು ಹಾಡು ನಿಲ್ಲಿಸಿ ರೆಕಾರ್ಡ್ ಬಟನ್ ಪರೀಕ್ಷಿಸುತ್ತಿರುವಾಗ ಬಂದು, ಅಲ್ಲಿಯವರೆಗಿನ ಗದ್ದಲಕ್ಕೆ ಚೆನ್ನಾಗಿ ಝಾಡಿಸಿದಳು. ಅಷ್ಟೂ ಟೇಪಾಯಿತು. ಅಮ್ಮ ಹೋದ ಮೇಲೆ ಅವಳ ದನಿ ಎಂದು ಉಳಿದದ್ದು ಅದೊಂದೇ. ದಾರದುಂಡೆಗಳ ಡಬ್ಬಿಯಲ್ಲಿ ಜೋಪಾನ ಮಾಡಿದ್ದೆ. ಟೇಪು ಸುಕ್ಕಾಯಿತೆಂದು ಇವನ ಕೈಗೆ ಕೊಟ್ಟೆ, ನನ್ನ ಬುದ್ಧಿಗಿಷ್ಟು! ಸರಿಮಾಡಿದ. ಆಮೇಲೆ ಹೆಸರು ಬರೆಯದ ಹತ್ತು ಕ್ಯಾಸೆಟ್ಟುಗಳ ನಡುವೆ ಇಟ್ಟ. ಮಾರನೆಯ ದಿನ ಅದನ್ನೇ ಹಾಡೆಂದುಕೊಂಡು ಪೋಲೆಂಡಿಗೆ ಪೋಸ್ಟ್ ಮಾಡಿದ.

"ವಾಪಸ್ ತರಿಸ್ತೀನಿ ಅಕ್ಕಾ" ಎಂದ. ಬರೆದದ್ದೇನೋ ನಿಜ. ಅಷ್ಟರಲ್ಲಿ ಪೋಲೆಂಡಿನ ಆ ಪುಣ್ಯಾತ್ಮ ಮನೆ ಬದಲಿಸಿದ್ದ, ಕಾಗದ ಹಾಗೇ ಹಿಂದಕ್ಕೆ ಬಂತು.

"ನಿನ್ನ ಮುಖ ತೋರಿಸ್ಬೇಡ ನಂಗೆ" ಎಂದೆ. ಅಲ್ಲಿಗೆ ಮಾತು ನಿಂತಿತು.

ಮೊನ್ನೆ ಮಧ್ಯಾಹ್ನ ನಾನೊಂದು ಕಾಲರ್ ಹೊಲಿಯುತ್ತಿದ್ದೆ. ಇವನು ಟೇಪ್‌ರೆಕಾರ್ಡರ್ ಹಿಡಿದು ಎದುರಿಗೆ ಬಂದು ನಿಂತ. ನಾನು ತಲೆ ಎತ್ತಲಿಲ್ಲ. ನನ್ನ ಬಟ್ಟೆಯ ಮೇಲೇ ಅದನ್ನಿಟ್ಟು ಬಟನ್ ಒತ್ತಿದ. ಎಷ್ಟು ಅಧಿಕಪ್ರಸಂಗ ಎಂದುಕೊಂಡೆ. ಬುಸ್ಸೆನ್ನುವ ಸದ್ದು, ಅದರೊಳಗಿಂದ ಅಮ್ಮ.

"ಆಫ್ ಮಾಡೋ ಅದನ್ನ! ಒಂದ್ಸಲ ಹೇಳಿದ್ರೆ ತಲೆಗೆ ಹೋಗಲ್ವಾ? ಅಕ್ಕ ಬೆಳಗ್ಗೆಯಿಂದ ಬೆನ್ನು ಬಗ್ಗಿಸಿ ಹೊಲೀತಿದಾಳೆ, ಅವಳಿಗೆ ತಲೆ ಸಿಡಿಯಲ್ವೇನೋ? ಕತ್ತೆ!"

ಜಪಾನಿನ ಗೆಳೆಯ ಕಳಿಸಿದ್ದನಂತೆ. ಜೊತೆಗಿದ್ದ ಕಾಗದವನ್ನು ಇವನು ನಿಂತುಕೊಂಡೇ ಓದಿ ಹೇಳಿದ. ಈ ಕ್ಯಾಸೆಟ್ಟು ಪೋಲೆಂಡಿನಿಂದ ಕೈಯಿಂದ ಕೈಗೆ ನಕಲಾಗಿ ಬಂದಿದೆ. ಗಾಯಕಿಯ ಹೆಸರು ಯಾರಿಗೂ ಗೊತ್ತಿಲ್ಲ. ವಾದ್ಯವಿಲ್ಲದೆ ಇಷ್ಟು ಸಿಟ್ಟನ್ನು ನಾವು ಕೇಳಿಯೇ ಇಲ್ಲ. ನಿಮ್ಮ ಭಾಷೆ ಇರಬಹುದೆಂದು ಕಳಿಸಿದ್ದೇನೆ. ಇವರದು ಇನ್ನೂ ಇದ್ದರೆ ದಯವಿಟ್ಟು ಕಳಿಸಿ.

ಮೈಯೆಲ್ಲ ಉರಿದುಹೋಯಿತು. ನಮ್ಮಮ್ಮನ ಬೈಗುಳವನ್ನು ಕಂಡಕಂಡವರು ಹಾಡೆಂದು ಕೇಳುವುದೇ? ಅವರ ಬಾಯಿಗೆ ಮಣ್ಣು ಹಾಕ! ಆದರೆ ಅಷ್ಟು ಜನರಲ್ಲಿ ಒಬ್ಬನೂ ಅದನ್ನು ಅಳಿಸಿರಲಿಲ್ಲ. ಇವನ ಕೆನ್ನೆಗೆ ಬಿಗಿಯೋಣವೆಂದು ಎದ್ದೆ. ಕತ್ತೆ ಅಳುತ್ತಿದ್ದ. ನನಗೂ ಕಾಲರಿನ ಗೆರೆ ಕಾಣದಂತಾಗಿತ್ತು.

"ಏನಂತ ಬರೀಲಿ ಅಕ್ಕಾ?"

"ಇಷ್ಟೇ ಇರೋದು, ಬೇರೆ ಇಲ್ಲ ಅಂತ ಬರಿ" ಎಂದೆ. "ಅಮ್ಮನ ಹೆಸರನ್ನಾದ್ರೂ ಸರಿಯಾಗಿ ಬರಿ."