ಮೈಗೆ ಎರಚದ ಮಣ್ಣು

ನನ್ನ ಬರೆಯುವ ಮೇಜಿನ ಮೇಲೆ ಹಳೆಯ ನಶ್ಯದ ಡಬ್ಬಿಯೊಂದಿದೆ. ನನಗೆ ನಶ್ಯದ ಚಟವಿಲ್ಲ. ಕಿಟಕಿಯ ಗಾಳಿಗೆ ಕಾಗದ ಹಾರದಂತೆ ತಡೆಯುವುದಷ್ಟೇ ಅದರ ಕೆಲಸ. ಮುಚ್ಚಳ ತೆಗೆದರೆ ಒಳಗೆ ಒಂದು ಹಿಡಿ ಕೆಂಪು ಮಣ್ಣು. ಅರಿಸಿನ, ಎಣ್ಣೆ, ನಿಂಬೆರಸ ಬೆರೆಸಿ ಹದಗೊಳಿಸಿದ ಗರಡಿಯ ಮಣ್ಣಿಗೆ ತನ್ನದೇ ಪರಿಮಳವಿರುತ್ತದೆ. ಇದರಲ್ಲಿ ಅದು ಎಂದೋ ಆರಿಹೋಗಿದೆ. ಆದರೂ ಆಗಾಗ ಮೂಸಿ ನೋಡುತ್ತೇನೆ. ಇದೂ ಒಂದು ಚಟವೇ ಅಲ್ಲವೇ ಎಂದು ನೀವು ನಗಬಹುದು.

ಐವತ್ತರ ದಶಕದ ನಡುವೆ, ಏಕೀಕರಣದ ಮಾತು ಹೋಟೆಲಿನ ಬೆಂಚುಗಳ ಮೇಲೆ ಕಾಫಿಯಷ್ಟೇ ಬಿಸಿಯಾಗಿದ್ದ ಕಾಲದಲ್ಲಿ, ನಾನು ಹುಣಸೂರಿನಿಂದ ಮೈಸೂರಿನ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಸಂಜೆಯ ಬಸ್ಸಿನ ಕಂಡಕ್ಟರನ ಕೈಗೆ ಲಕೋಟೆ ಕೊಟ್ಟರೆ ಅದು ಬಿಳಿಕೆರೆ ದಾಟಿ ಕಚೇರಿ ಸೇರುತ್ತಿತ್ತು. ಕಂಡದ್ದನ್ನು ಬರೆ, ಕೇಳಿದ್ದನ್ನು ವಿಚಾರಿಸು, ಊಹಿಸಿದ್ದನ್ನು ನುಂಗು ಎಂದು ಸಂಪಾದಕರು ಕಲಿಸಿದ್ದರು. ಮೂರನೆಯದೇ ಕಷ್ಟ, ಊಹೆಯಷ್ಟು ರುಚಿಯಾದ ಪದಾರ್ಥ ಬೇರೊಂದಿಲ್ಲ.

ಆ ವರ್ಷ ಊರಾಚೆಯ ಬಯಲಿನಲ್ಲಿ ಸುತ್ತ ಬಿದಿರಿನ ತಟ್ಟಿ ಕಟ್ಟಿ, ಟಿಕೆಟ್ಟು ಇಟ್ಟು ಕುಸ್ತಿ ಏರ್ಪಡಿಸಿದ್ದರು. ಕೊನೆಯ ಜೋಡಿಯಲ್ಲಿ ಒಬ್ಬ ಭೇರ್ಯದ ಶಿವಮಲ್ಲು, ಇನ್ನೊಬ್ಬ ಪಿರಿಯಾಪಟ್ಟಣದ ಕಡೆಯ ಹೆಸರಾಂತ ಪೈಲ್ವಾನ. ಇಬ್ಬರಿಗೂ ಕುಸ್ತಿಯೇ ಕಸುಬು. ಮುಂದಿನ ಸಾಲಿನಲ್ಲಿ ನನಗೆ ಪುಕ್ಕಟೆ ಕುರ್ಚಿ. ಪಕ್ಕದಲ್ಲಿ ಶಿವಮಲ್ಲುವಿಗೆ ಪಟ್ಟು ಕಲಿಸಿದ ವೃದ್ಧ ಮಾದಪ್ಪ ಉಸ್ತಾದರು. ಪೈಲ್ವಾನರು ಕೈ ಕುಲುಕಿ ಹೆಗಲಿಗೆ ಹೆಗಲು ಕೊಟ್ಟಾಗ ಜನ ಕೂಗಿತು. ಆ ಕೂಗಾಟವನ್ನು ಹೇಗೆ ಬಣ್ಣಿಸಲಿ ಎಂದು ನಾನು ಜನರತ್ತಲೇ ನೋಡುತ್ತಿದ್ದೆ. ಆಗ ಉಸ್ತಾದರು ತಮಗೆ ತಾವೇ ಎಂಬಂತೆ ಅಂದರು: “ಯಾಕ್ಲಾ ಮಲ್ಲು, ಮಣ್ಣೇ ಆಕ್ಲಿಲ್ವಲ್ಲಾ?”

ಹಿಡಿಯುವ ಮೊದಲು ಪೈಲ್ವಾನ ಅಖಾಡದ ಮಣ್ಣನ್ನು ಬೊಗಸೆಯಲ್ಲೆತ್ತಿ ಎದುರಾಳಿಯ ಮೈಗೆ ಎರಚುವುದು ವಾಡಿಕೆ. ಬೆವರಿದ ಮೈ ಜಾರದೆ ಪಟ್ಟು ನಿಲ್ಲಬೇಕಲ್ಲ! ಗೆಲ್ಲಲು ಬಂದವರು ಅದನ್ನು ಮರೆಯುವುದಿಲ್ಲ. ಅಂದು ಇಬ್ಬರೂ ಮರೆತಿದ್ದರು.

ಹೊತ್ತು ಕಳೆಯಿತು, ಯಾರೂ ಬೀಳಲಿಲ್ಲ. ಹಿಂದಿನಿಂದ ಒಬ್ಬ ಕೂಗಿದ: “ಬೀಗ್ರ ಕುಸ್ತಿ ಕಣ್ಲಾ ಇದು! ಎಲೆ ಅಡಿಕೆ ಒಂದು ಕಮ್ಮಿ!” ಕುಸ್ತಿ ಸಮವೆಂದು ಸಾರಿದರು, ಮುಂದಿನ ತಿಂಗಳು ಇದೇ ಜೋಡಿ, ಹೊಸ ಟಿಕೆಟ್ಟು ಎಂದೂ ಸಾರಿದರು. ಉಸ್ತಾದರು ಶಿಷ್ಯನ ಮುಖ ನೋಡದೆ ಎದ್ದು ಹೋದರು.

ಒಳಒಪ್ಪಂದವೆಂದು ಹೋಟೆಲಿನಲ್ಲೆಲ್ಲ ಗುಸುಗುಸು. ಅದನ್ನು ನುಂಗಿದೆ. ವರದಿಯ ಕೊನೆಗೆ ಒಂದೇ ಸಾಲು ಸೇರಿಸಿದೆ: ಕಾಳಗಕ್ಕೆ ಮುನ್ನ ಉಭಯರೂ ವಾಡಿಕೆಯಂತೆ ಮಣ್ಣು ಎರಚಿಕೊಳ್ಳಲಿಲ್ಲ.

ಪತ್ರಿಕೆ ಬಂದ ದಿನವೇ ಶಿವಮಲ್ಲು ನನ್ನ ಬಾಗಿಲು ತುಂಬಿಕೊಂಡು ನಿಂತ.

“ಏನ್ ಸ್ವಾಮಿ, ಇಂಗೆ ಬರ್ದುಬುಟ್ರಲ್ಲ! ಗರಡಿ ಮೆಟ್ಲು ಅತ್ಬ್ಯಾಡ ಅಂದವ್ರೆ ಉಸ್ತಾದ್ರು. ಗರಡಿ ಇಲ್ದೆ ನಾನ್ ಯಾವ ಪೈಲ್ವಾನ?”

“ಬರೆದದ್ದು ಸುಳ್ಳೇನಪ್ಪ?”

ಅವನು ತನ್ನ ಅಂಗೈಗಳನ್ನು ನೋಡಿಕೊಂಡ. “ಸುಳ್ಳಲ್ಲ. ಕುಸ್ತಿ ಆಡ್ಸೋರು ಸಮ ಮಾಡ್ಕಳಿ, ಇನ್ನೊಂದ್ ಸಲ ಆಡ್ಸಣ ಅಂದ್ರು, ಒಪ್ಕಂಡ್ಬುಟ್ಟೊ. ಆದ್ರೆ ಮಣ್ಣು ಮರ್ತಿದ್ದು ಬೇಕಂತ ಅಲ್ಲ ಕಣ್ರೀ. ಕೈಗೇ ಗ್ಯಾನ ಬರ್ಲಿಲ್ಲ.”

ಈ ಮಾತನ್ನು ನಾನು ಎಷ್ಟೋ ಸಲ ಮೆಲುಕು ಹಾಕಿದ್ದೇನೆ, ಮಿತ್ರರೇ. ಯಾರು ಗೆಲ್ಲುವರೆಂದು ತಿಳಿಯದ ಆ ತಳಮಳಕ್ಕಾಗಿಯೇ ನಾವು ಟಿಕೆಟ್ಟು ಕೊಳ್ಳುತ್ತೇವೆ. ಅದನ್ನೇ ಕದ್ದು ಬರಿಯ ಮೈಗಳನ್ನು ತೋರಿಸುವುದು ಖಂಡಿತ ಮೋಸ. ಆದರೂ ನಾಲಿಗೆ ಒಪ್ಪಿದ ಮೋಸವನ್ನು ಕೈ ಪೂರ್ತಿಯಾಗಿ ಕಲಿತಿರಲಿಲ್ಲ ಎಂಬುದು ನನಗೆ ಸಮಾಧಾನ. ಅಂದಹಾಗೆ, ಆ ಸಾಲಿನಿಂದ ಸೂಕ್ಷ್ಮದೃಷ್ಟಿಯವನೆಂದು ಕಚೇರಿಯಲ್ಲಿ ನನಗೆ ಹೆಸರು ಬಂತು. ಕಂಡ ಕಣ್ಣು ಉಸ್ತಾದರದೆಂದು ನಾನು ಅಲ್ಲಿ ಹೇಳಲಿಲ್ಲ. ಇವತ್ತು ನಿಮಗೆ ಹೇಳಿದ್ದೇನೆ.

ಶಿವಮಲ್ಲು ಹೋಗಿ ಉಸ್ತಾದರ ಕಾಲು ಹಿಡಿದ. ಅವರು ಬೈಯಲಿಲ್ಲ, ಕ್ಷಮಿಸಲೂ ಇಲ್ಲ. ಗರಡಿಯ ಮಣ್ಣು ಅಗೆದು, ಜರಡಿ ಹಿಡಿದು, ಹದಮಾಡುವ ಕೆಲಸಕ್ಕೆ ಹಚ್ಚಿದರು. ಬೇರೆಯವರು ಆಡಲಿಕ್ಕೆ ತಿಂಗಳಿಡೀ ಮಣ್ಣು ಹದ ಮಾಡಿದ. ತಾನು ಮಾತ್ರ ಆ ಗರಡಿಯಲ್ಲಿ ಆಡುವಂತಿರಲಿಲ್ಲ.

ಎರಡನೆಯ ಕುಸ್ತಿಗೆ ನಾನು ಟಿಕೆಟ್ಟು ಕೊಂಡು ಹಿಂದಿನ ಸಾಲಿನಲ್ಲಿ ಕೂತೆ. ಶಿವಮಲ್ಲು ಬಗ್ಗಿ, ಬೊಗಸೆ ತುಂಬ ಮಣ್ಣೆತ್ತಿ ಎದುರಾಳಿಯ ಎದೆಗೆ ಎರಚಿದ. ಆತ ಒಂದು ಕ್ಷಣ ತಬ್ಬಿಬ್ಬಾದ, ಸೀನಿದ, ಆಮೇಲೆ ನಕ್ಕು ತಾನೂ ಎರಚಿದ. ಅಲ್ಲಿಂದಾಚೆ ತಟ್ಟಿಯೊಳಗೆ ಯಾರೂ ಕೂರಲಿಲ್ಲ. ಅಭ್ಯಾಸ ತಪ್ಪಿದ ಶಿವಮಲ್ಲು ಬಹಳ ಹೊತ್ತು ತಡೆದ. ಕೊನೆಗೆ ಬೆನ್ನು ಪೂರ್ತಿ ನೆಲಕ್ಕೆ ತಾಗಿತು. ಉಸ್ತಾದರು ಅಖಾಡಕ್ಕಿಳಿದು, ಆ ಬೆನ್ನಿನ ಮಣ್ಣನ್ನು ಅಂಗೈಯಿಂದ ಒರೆಸಿ, “ನಾಳೆ ಒತ್ತಾರೆ ಗರಡಿಗೆ ಬಾ” ಎಂದರು.

ಮರುದಿನ ಗರಡಿಯಿಂದ ನೇರ ನನ್ನಲ್ಲಿಗೆ ಬಂದ ಶಿವಮಲ್ಲು, ಉಸ್ತಾದರ ಖಾಲಿ ನಶ್ಯದ ಡಬ್ಬಿಗೆ ಮಣ್ಣು ತುಂಬಿ ತಂದು ಮೇಜಿನ ಮೇಲಿಟ್ಟ. “ನನ್ ಬೆನ್ನು ತಾಗಿದ್ ಮಣ್ಣು ಸ್ವಾಮಿ. ಇದ್ನೂ ಬರೀರಿ. ಸೋತೋದ ಅಂತ್ಲೇ ಬರೀರಿ.”

ಹಾಗೆಯೇ ಬರೆದೆ. ಬರೆದ ಹಾಳೆ ಗಾಳಿಗೆ ಹಾರದಂತೆ ಆ ಡಬ್ಬಿಯನ್ನು ಅದರ ಮೇಲಿಟ್ಟೆ.